ಯವ್ವ ಮಾನ್ವಿಯಲ್ಲಿದ್ದ ಮಳೆಗಾಲ

ಕವಿತಾಳದಲ್ಲಿ ಸಹೋದ್ಯೋಗಿಯೊಬ್ಬರ ಮೊಮ್ಮಗುವಿನ ತೊಟ್ಟಿಲು ಕಾರ್ಯ ಮುಗಿಸಿಕೊಂಡು ರಾಯಚೂರಿಗೆ ಹೊರಟವಳು, ಬಸ್ಸು ಬದಲಿಸಲು ಮಾನ್ವಿಯಲ್ಲಿ ಇಳಿದಿದ್ದೆ. ನಿಲ್ದಾಣದ ಹೊರಗೆ ಹೆಂಗಸೊಬ್ಬಳು ಕಾದ ಮರಳಿನಲ್ಲಿ ಜೋಳ ಹುರಿಯುತ್ತಿದ್ದಳು. ನಾಗರ ಪಂಚಮಿ ಹತ್ತಿರ ಬಂದಿತ್ತು. ಅಳ್ಳು ಪಟಪಟ ಸಿಡಿದು, ಆ ಬಿಸಿ ಜೋಳದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹೊಟ್ಟೆಯೊಳಗಿನ ಹಳೆಯ ಕಿಚ್ಚು ಎದ್ದು ಕುಳಿತಿತು. ಬೇರೆ ಹೆಣ್ಣುಮಕ್ಕಳಿಗೆ ಅಳ್ಳಿನ ವಾಸನೆಗೆ ತವರು ನೆನಪಾಗುತ್ತದೆ, ಜೋಕಾಲಿ ನೆನಪಾಗುತ್ತದೆ. ನನಗೆ ರೇಣುಕಾ ನೆನಪಾಗುತ್ತಾಳೆ.

ನನ್ನ ಯವ್ವ ತೀರಿಕೊಂಡು ಎರಡು ವರ್ಷವಾಯಿತು. ಅವಳನ್ನು ನೋಡಿಕೊಂಡ ಹುಡುಗಿಯ ಮೇಲೆ ನಾನು ಇನ್ನೂ ಹೊಟ್ಟೆಕಿಚ್ಚು ಪಡುವುದು ಚೆಂದವಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಚೆಂದವಲ್ಲ, ಒಪ್ಪಿದೆ. ಆದರೆ ಇದೆ, ಏನು ಮಾಡಲಿ? ಈಗಲೂ ರೇಣುಕಾ ಆಗೀಗ ಫೋನ್ ಮಾಡಿ, "ಅಕ್ಕಾರ, ಯವ್ವ ಒಂದಿನ ಹಿಂಗ ಅಂದಿದ್ಲು ನೋಡ್ರಿ" ಎಂದು ಶುರು ಮಾಡಿದರೆ ನನ್ನ ಮೈ ಉರಿಯುತ್ತದೆ. ಫೋನ್ ಮಾತ್ರ ಇಡುವುದಿಲ್ಲ. ಪೂರ್ತಿ ಕೇಳುತ್ತೇನೆ.

ಆ ವರ್ಷ ಬೇಸಿಗೆಯ ಕೊನೆಯಲ್ಲಿ ಯವ್ವ ದೇವದುರ್ಗದಲ್ಲಿ ಅಣ್ಣನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದಳು. ನಮ್ಮದು ಕುರ್ಡಿ. ಯವ್ವ, ಅಪ್ಪ ಇಬ್ಬರೂ ಊರವರ ಹೊಲದಲ್ಲಿ ದುಡಿದವರು. ಭತ್ತದ ನಾಟಿ, ಮೆಣಸಿನಕಾಯಿ ಬಿಡಿಸುವುದು, ಹತ್ತಿ ಬಿಡಿಸುವುದು, ಯಾವ ಹಂಗಾಮಿಗೆ ಯಾವ ಕೆಲಸವೋ ಅದು. ಅದರಲ್ಲೇ ಅಣ್ಣ ದೇವೇಂದ್ರನನ್ನೂ ನನ್ನನ್ನೂ ಓದಿಸಿದರು. ಅಣ್ಣನಿಗೆ ದೇವದುರ್ಗದಲ್ಲಿ ನೌಕರಿ, ನಾನು ರಾಯಚೂರಿನಲ್ಲಿ ಹೈಸ್ಕೂಲು ಟೀಚರು. ಅಪ್ಪ ಹೋದ ಮೇಲೆ ಕುರ್ಡಿಯ ಒಂದು ಕೋಣೆಯನ್ನು ಚಿಕ್ಕಪ್ಪನಿಗೆ ಬಿಟ್ಟು ಯವ್ವ ಅಣ್ಣನ ಮನೆ ಸೇರಿದ್ದಳು. ಅದು ಮಹಡಿ ಮನೆ, ಕಡಿದಾದ ಮೆಟ್ಟಿಲು.

ಸೊಂಟದ ಎಲುಬು ಮುರಿದಿತ್ತು. ರಾಯಚೂರಿನಲ್ಲಿ ಆಪರೇಷನ್ ಮಾಡಿ ರಾಡು ಹಾಕಿದರು. ಮೂರು ತಿಂಗಳು ನೆಲಕ್ಕೆ ಕೂಡುವಂತಿಲ್ಲ, ಕುಕ್ಕರಗಾಲಲ್ಲಿ ಕೂಡುವಂತಿಲ್ಲ, ಕಾಲು ಮಡಚುವಂತಿಲ್ಲ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದರು. ಅಣ್ಣನ ಮೆಟ್ಟಿಲು ಹತ್ತುವ ಮಾತೇ ಇರಲಿಲ್ಲ. ನನ್ನದು ಕೆಳಗಿನ ಮನೆ. ಯವ್ವನನ್ನು ನನ್ನ ಮನೆಗೆ ಕರೆತಂದಾಗ ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಇಷ್ಟು ವರ್ಷ ಅಣ್ಣನ ಪಾಲಿಗಿದ್ದವಳು ಈಗ ನನ್ನ ಪಾಲಿಗೆ ಬಂದಳು ಎಂದುಕೊಂಡೆ.

ಖುಷಿ ವಾರವೂ ಉಳಿಯಲಿಲ್ಲ. ಅಳಿಯನ ಎದುರು ಕಾಲು ಚಾಚಿ ಮಲಗುವುದು ಯವ್ವನಿಂದ ಆಗದ ಮಾತು. ಹುಟ್ಟಿನಿಂದ ಬಂದ ನಡವಳಿಕೆ ಅದು. ಅಳಿಯ ಎದುರಿಗೆ ಬಂದರೆ ತಲೆಗೆ ಸೆರಗು ಬರಬೇಕು, ಕಾಲು ಒಳಗೆ ಹೋಗಬೇಕು. ನನ್ನ ಗಂಡ ಒಳ್ಳೆಯ ಮನುಷ್ಯ. ಅತ್ತೆಗೆ ಮುಜುಗರವಾಗಬಾರದು ಎಂದು ಗೇಟಿನಲ್ಲೇ ಒಮ್ಮೆ ಕೆಮ್ಮಿ ಒಳಗೆ ಬರುವ ಅಭ್ಯಾಸ ಮಾಡಿಕೊಂಡರು. ಅದರಿಂದ ಆದದ್ದಿಷ್ಟು, ಆ ಕೆಮ್ಮು ಕೇಳಿದ ಕೂಡಲೇ ಯವ್ವ ರಾಡು ಹಾಕಿದ ಕಾಲನ್ನು ಎರಡೂ ಕೈಯಿಂದ ಹಿಡಿದು ಮಡಚಲು ಶುರು ಮಾಡುತ್ತಿದ್ದಳು. ಅವರು ಚಪ್ಪಲಿ ಬಿಡುವಷ್ಟರಲ್ಲಿ ನೋವಿನಿಂದ ಅವಳ ಮುಖ ಬೆವರಿರುತ್ತಿತ್ತು.

"ಯವ್ವಾ, ಅವರು ನಿನ್ನ ಮಗ ಇದ್ದಂಗ. ಕಾಲು ಬಿಡು" ಎಂದರೆ, "ಮಗ ಇದ್ದಂಗ, ಖರೆ. ಮಗ ಅಲ್ಲಲ್ಲ" ಎನ್ನುತ್ತಿದ್ದಳು.

ಬೆಡ್‌ಪ್ಯಾನ್ ಕೇಳಲು ನಾಚಿಕೆ ಎಂದು ನೀರು ಕುಡಿಯುವುದನ್ನೇ ಬಿಟ್ಟಳು. ಹಗಲಿಗೆಂದು ಗುಂಜಹಳ್ಳಿಯಿಂದ ಒಬ್ಬ ಹೆಂಗಸನ್ನು ಗೊತ್ತು ಮಾಡಿದೆ. ಯವ್ವ ಅವಳನ್ನು ನೆಂಟಳಂತೆ ಕೂರಿಸಿ, ಅವಳ ಮಕ್ಕಳ ಸುದ್ದಿ ಕೇಳಿ, ಕೊನೆಗೆ ಒಂದು ಲೋಟ ನೀರನ್ನೂ ಕೇಳದೆ ಸಂಜೆಯವರೆಗೆ ನನ್ನ ದಾರಿ ಕಾಯುತ್ತಿದ್ದಳು. ನಾಟಿ ಶುರುವಾದ ಕೂಡಲೇ ಆ ಹೆಂಗಸು ಹೊಲಕ್ಕೆ ಹೋದಳು. ಯವ್ವನಿಗೆ ಉರಿಮೂತ್ರ ಶುರುವಾಗಿ, ಜ್ವರ ಬಂತು. ಮತ್ತೆ ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಎಲ್ಲ ಕೇಳಿ, "ಇವರಿಗೆ ಮೊದಲು ನಾಚಿಕೆ ಇಲ್ಲದೆ ಕಾಲು ಚಾಚೋ ಜಾಗ ಬೇಕು. ಆಮೇಲೆ ಔಷಧ" ಎಂದರು.

ಹಿರಿಯರ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಬೇಸರವಿಲ್ಲದೆ ಬಿಡಿಸಿ ಹೇಳಿದಳು. ಹಗಲು ಹೊತ್ತು ಮಾತ್ರ ನೋಡಿಕೊಳ್ಳುವ ಕೇಂದ್ರವೇ ಬೇರೆ, ಮನೆಗೆ ಬಂದು ಹೋಗುವ ನರ್ಸುಗಳೇ ಬೇರೆ, ಆಪರೇಷನ್ ಆದವರನ್ನು ಕೆಲವು ತಿಂಗಳು ಇಟ್ಟುಕೊಂಡು ನಡೆಸಿ ಕಳಿಸುವ ಮನೆ ಬೇರೆ, ಕೊನೆಯತನಕ ಇರುವ ಮನೆ ಬೇರೆ. ನಾನು ಅಲ್ಲಿಯವರೆಗೆ ಇವೆಲ್ಲವನ್ನೂ ವೃದ್ಧಾಶ್ರಮ ಎಂಬ ಒಂದೇ ಬೈಗುಳದಲ್ಲಿ ಸೇರಿಸಿಬಿಟ್ಟಿದ್ದೆ. ಮಾನ್ವಿಯಲ್ಲಿ ಹೆಣ್ಣುಮಕ್ಕಳಿಗೆಂದೇ ಒಂದು ಚಿಕ್ಕ ಮನೆ ಇತ್ತು. ಕೆಲವು ತಿಂಗಳಿಗೂ ಇಟ್ಟುಕೊಳ್ಳುತ್ತಿದ್ದರು, ಬೇಕೆಂದರೆ ಮುಂದಕ್ಕೂ. ವ್ಯಾಯಾಮ ಮಾಡಿಸುವವರು ಬಂದು ಹೋಗುತ್ತಿದ್ದರು.

ಅಣ್ಣ ಫೋನಿನಲ್ಲಿ ಕೂಗಾಡಿದ. "ಇಬ್ಬರು ಮಕ್ಕಳು ಇದ್ದು ಅವ್ವನ್ನ ಅಲ್ಲಿ ಬಿಟ್ರ ಮಂದಿ ಏನಂದಾರು?"

"ಮಂದಿ ಬಂದು ಬೆಡ್‌ಪ್ಯಾನ್ ಹಿಡೀತಾರೇನು? ಹಿಡೀತೀನಿ ಅನ್ನೋರು ಯಾರರೆ ಇದ್ರ ಕಳಿಸು" ಎಂದೆ.

ಯವ್ವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಗೋ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ, "ಅಲ್ಲಿ ಗಂಡಸರು ಅದಾರೇನು?"

"ಇಲ್ಲ."

"ಹಂಗಾದ್ರ ನಡಿ."

ಮಳೆ ಹಿಡಿದಿತ್ತು. ಕಾಲುವೆಗೆ ನೀರು ಬಿಟ್ಟಿದ್ದರು. ಮಾನ್ವಿಯ ರಸ್ತೆಯ ಎರಡೂ ಕಡೆ ಗದ್ದೆಗಳಲ್ಲಿ ಹೆಂಗಸರು ಬೆನ್ನು ಬಗ್ಗಿಸಿ ನಾಟಿ ಮಾಡುತ್ತಿದ್ದರು. ಯವ್ವ ಕಾರಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಕಾಲು ಚಾಚಿ ಕುಳಿತು, "ಸಾಲು ಸೊಟ್ಟ ಹಚ್ಯಾರ ನೋಡು" ಎಂದು ದಾರಿಯುದ್ದಕ್ಕೂ ತಪ್ಪು ಹುಡುಕುತ್ತ ಬಂದಳು. ನಾನು ಅವಳ ಬೆನ್ನನ್ನು ಎದೆಗೆ ಒರಗಿಸಿಕೊಂಡಿದ್ದೆ. ಡಾಕ್ಟರು ಹೇಳಿದ ಮೂರು ತಿಂಗಳು ತುಂಬುವವರೆಗೆ ಅಷ್ಟೇ, ಆಮೇಲೆ ನನ್ನ ಮನೆಗೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಆ ಹೊತ್ತಿಗೆ ಕೈಹಿಡಿಕೆ ಇರುವ ಬಚ್ಚಲು, ಅವಳಿಗೇ ಒಂದು ಕೋಣೆ, ಬಾಗಿಲಿಗೆ ಪರದೆ ಎಲ್ಲ ಮಾಡಿಸಬೇಕೆಂದು ಲೆಕ್ಕ ಹಾಕಿದೆ.

ಆ ಮನೆಯ ಬಾಗಿಲಲ್ಲಿ ರೇಣುಕಾ ನಿಂತಿದ್ದಳು. ಮೂವತ್ತರ ಆಸುಪಾಸಿನ ಹುಡುಗಿ, ಕವಿತಾಳದವಳು, ಅಲ್ಲಿಯ ಆಯಾ. ಗಾಲಿ ಕುರ್ಚಿ ತಂದವಳೇ, "ಯವ್ವಾ, ಬಂದ್ಯಾ? ಬಾ ಬಾ. ಮೊದ್ಲು ಆ ಕಾಲು ನೆಟ್ಟಗ ಚಾಚು ನೋಡೂಣು" ಎಂದಳು.

ನನಗೆ ಅಲ್ಲೇ ಚುರ್ ಎಂದಿತು. ಅಜ್ಜಿ ಅನ್ನಬಹುದಿತ್ತು, ಅಮ್ಮಾರ ಅನ್ನಬಹುದಿತ್ತು. ನೋಡಿದ ಮೊದಲ ಗಳಿಗೆಗೇ ಯವ್ವಾ, ನೀನು, ಬಾ. ಇನ್ನೂ ಕೆಟ್ಟದ್ದೆಂದರೆ, ಯವ್ವ ಮಾತಿಲ್ಲದೆ ಕಾಲು ಚಾಚಿದಳು. ನನ್ನ ಮನೆಯಲ್ಲಿ ನಾನು ಗೋಗರೆದರೂ ಚಾಚದಿದ್ದ ಕಾಲು ಅದು.

ಪ್ರತಿ ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತಿದ್ದೆ. ಚೀಲದಲ್ಲಿ ಶೇಂಗಾ ಚಟ್ನಿ, ಮೆತ್ತನೆಯ ಹಳೇ ಸೀರೆ, ಕೊಬ್ಬರಿ ಎಣ್ಣೆ. ಎರಡನೆಯದೋ ಮೂರನೆಯದೋ ಭಾನುವಾರ ಗೇಟು ತೆಗೆಯುವಾಗಲೇ ಒಳಗಿನಿಂದ ಯವ್ವನ ದನಿ ಕೇಳಿತು. "ಏ ರೇಣಿ, ಲಗೂ ಬಾ ಬೇ, ತಡಿಯಾಕ ಆಗವಲ್ದು!" ಹಾಲಿನಲ್ಲಿ ಮಂಚದ ಮೇಲಿದ್ದ ಮುದುಕಿಯರೆಲ್ಲ ನಕ್ಕರು. ನಾನು ಗೇಟಿನಲ್ಲೇ ನಿಂತುಬಿಟ್ಟೆ. ಹೆತ್ತ ಮಗಳಿಗೆ ಹೇಳಲಾರದೆ ಜ್ವರ ತರಿಸಿಕೊಂಡವಳು, ಇಲ್ಲಿ ಓಣಿಗೆಲ್ಲ ಕೇಳುವಂತೆ ಕರೆಯುತ್ತಿದ್ದಾಳೆ. ಬೆಡ್‌ಪ್ಯಾನಿನ ವಿಷಯಕ್ಕೂ ಹೊಟ್ಟೆಕಿಚ್ಚು ಪಡುವವರು ಇರುತ್ತಾರೆಯೇ ಎಂದು ಕೇಳಬೇಡಿ. ನಾನಿದ್ದೇನೆ.

ಎಣ್ಣೆ ಬಾಟಲಿ ತೆಗೆದು, "ಬಾ ಯವ್ವಾ, ತಲಿ ಹಿಕ್ಕತೀನಿ" ಎಂದೆ.

"ರೇಣಿ ಮುಂಜಾನೇ ಹಿಕ್ಕ್ಯಾಳ. ನೀ ದಣದು ಬಂದೀದಿ, ಕುಂದ್ರು."

ಜಡೆ ಬಿಗಿಯಾಗಿ, ಬೈತಲೆ ನೇರವಾಗಿತ್ತು. ನಾನು ಆದರೂ ಬಿಚ್ಚಿದೆ. ಬಿಚ್ಚಿ, ಮತ್ತೆ ಹಾಕಿದೆ. ನನ್ನ ಜಡೆ ಸಡಿಲವಾಯಿತು. ಯವ್ವ ಚಹಾ ಕುಡಿಯುವಾಗ ಎರಡು ಸಲ ಕೈ ಹಿಂದೆ ಹಾಕಿ ಮುಟ್ಟಿ ನೋಡಿಕೊಂಡಳು.

ಹಾಗೆಂದು ರೇಣುಕಾ ಏನೂ ದೇವತೆಯಾಗಿರಲಿಲ್ಲ. ಬಾಯಿಬಡುಕಿ. ಎಲ್ಲರ ಮನೆಯ ಸುದ್ದಿ ಬೇಕು. ಮಾತಾಡುತ್ತ ಮಾತಾಡುತ್ತ ಮಾತ್ರೆಯ ಹೊತ್ತು ತಪ್ಪಿಸಿ ಮೇಲ್ವಿಚಾರಕಿಯಿಂದ ಬೈಸಿಕೊಳ್ಳುತ್ತಿದ್ದಳು. ಅವಳ ರೊಟ್ಟಿಯಂತೂ ನಾಯಿ ಮೂಸಿ ನೋಡಿ ಮುಂದೆ ಹೋಗಬೇಕು, ಅಂಥ ದಪ್ಪ. ಯವ್ವ ಅದನ್ನು ಬೈಯುತ್ತಲೇ ಎರಡು ತಿನ್ನುತ್ತಿದ್ದಳು. ನನ್ನ ಮನೆಯಲ್ಲಿ ತೆಳ್ಳನೆಯ ರೊಟ್ಟಿ ಮುಂದಿಟ್ಟರೆ ಹಸಿವಿಲ್ಲ ಎನ್ನುತ್ತಿದ್ದವಳು.

"ಆಕಿಗೆ ಅವ್ವ ಇಲ್ಲ, ಯಾರು ಕಲಿಸ್ಯಾರ ಪಾಪ? ನಾ ಈಗ ಕಲಿಸಾಕತ್ತೀನಿ" ಎಂದಳು ಯವ್ವ. ನನಗೆ ರೊಟ್ಟಿ ಬಡಿಯಲು ಕಲಿಸಿದವಳು ಯವ್ವ ಅಲ್ಲ, ನನ್ನ ಅತ್ತೆ. ನಾನು ಓದಲಿ ಎಂದು ಯವ್ವ ನನ್ನನ್ನು ಒಲೆಯ ಹತ್ತಿರವೇ ಬಿಟ್ಟಿರಲಿಲ್ಲ. ಅದು ಪ್ರೀತಿಯೇ ಎಂದು ನನಗೆ ಗೊತ್ತಿದೆ. ಆದರೆ ಅಂದು, ಅವಳ ಕೈಮೇಲೆ ಕೈಯಿಟ್ಟು ಹಿಟ್ಟು ತಟ್ಟುವುದು ನನಗೆ ಸಿಗದೆ ಇವಳಿಗೆ ಸಿಕ್ಕಿತಲ್ಲ ಎಂದು ಸಂಕಟವಾಯಿತು.

ಮುಂದಿನ ಭಾನುವಾರ ರೇಣುಕಾ ಬದನೆಕಾಯಿ ಬಣ್ಣದ ಇಳಕಲ್ ಸೀರೆ ಉಟ್ಟು ಬಂದಳು. ನಾನು ಯವ್ವನಿಗೆ ಯುಗಾದಿಗೆ ತಂದುಕೊಟ್ಟ ಸೀರೆ.

"ನನಗ ಭಾರ ಆಗ್ತದ ಅದು. ಆಕಿ ಬಣ್ಣಕ್ಕ ಒಪ್ತದ, ಕೊಟ್ಟೆ" ಎಂದಳು ಯವ್ವ.

"ಒಪ್ತದ" ಎಂದೆ ನಾನು. ಒಪ್ಪುತ್ತಿತ್ತು ಕೂಡ, ಅದೇ ನನ್ನ ದುಃಖ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದಾಗ ಫೋನಿಗೆ ವಿಡಿಯೋ ಬಂತು. ಯವ್ವ ವಾಕರ್ ಹಿಡಿದು ಹಾಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ಹಿಂದೆ ರೇಣುಕಾಳ ದನಿ, "ಅಕ್ಕಾರ, ನೋಡ್ರಿ, ನಮ್ಮ ಯವ್ವ ನಡದಳು!" ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು. ನನಗೂ ಕಣ್ಣು ತುಂಬಿತು. ತುಂಬಿದ ಕಣ್ಣಿನಲ್ಲೇ ನಾನು ನೋಡಿದ್ದು ಯವ್ವನ ಕಾಲನ್ನಲ್ಲ, ಅವಳ ದೃಷ್ಟಿಯನ್ನು. ಮಗು ಮೊದಲ ಸಲ ನಡೆಯುವಾಗ ಎದುರಿಗೆ ಕೈಚಾಚಿ ಕೂತವರ ಮುಖ ನೋಡುತ್ತದಲ್ಲ, ಹಾಗೆ ರೇಣುಕಾಳ ಕಡೆಗೇ ನೋಡುತ್ತ ಬರುತ್ತಿದ್ದಳು. ಆ ಜಾಗದಲ್ಲಿ ನಾನು ಇರಬೇಕಿತ್ತು. ಹತ್ತನೆಯ ತರಗತಿಯ ಮಕ್ಕಳಿಗೆ ಅಂದು ವಿನಾಕಾರಣ ಬೈದೆ.

ಆ ಭಾನುವಾರ ಹಟಕ್ಕೆ ಬಿದ್ದು ಯವ್ವನನ್ನು ಹಾಲು ದಾಟಿಸಿ ಗೇಟಿನವರೆಗೆ ನಡೆಸಿದೆ. "ಅಕ್ಕಾರ, ಇನ್ನಾ ಅಷ್ಟು ದೂರ ಬ್ಯಾಡ್ರಿ" ಎಂದು ರೇಣುಕಾ ಹಿಂದೆಯೇ ಬಂದಳು. "ನನ್ನ ಅವ್ವ, ನನಗ ಗೊತ್ತದ" ಎಂದೆ. ಗೇಟಿನ ಹತ್ತಿರ ಯವ್ವನ ಕಾಲು ನಡುಗಿತು. ನನ್ನ ಕೈ ಹಿಡಿದುಕೊಂಡೇ ಅವಳು ತಿರುಗಿ, "ರೇಣಿ, ಕುರ್ಚಿ ತಾ" ಎಂದಳು.

ಅಣ್ಣನಿಗೆ ಫೋನ್ ಮಾಡಿ ಇದನ್ನೆಲ್ಲ ತೋಡಿಕೊಂಡೆ. ಅವನು ನಕ್ಕ. "ನಿನಗ ಹೊಟ್ಟಿಕಿಚ್ಚು ಬೇ. ಮೊದ್ಲು ನನ್ನ ಹೆಂಡ್ತಿ ಮ್ಯಾಲ ಇತ್ತು, ಈಗ ಆ ಹುಡುಗಿ ಮ್ಯಾಲ."

ಆಷಾಢ ಮುಗಿಯುತ್ತ ಬಂದಿತ್ತು. ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಗಿಸಲು ಕೈ ಹಚ್ಚಿದಾಗ ರೇಣುಕಾ ತನ್ನಷ್ಟಕ್ಕೇ ಮಾತು ತೆಗೆದಳು.

"ಮದ್ವಿಯಾದ ವರ್ಷ ಪಂಚಮಿಗೆ ಯವ್ವನ್ನ ಕರಿಯಾಕ ಆಕಿ ಅಣ್ಣ ಬರಲಿಲ್ಲಂತಲ್ರಿ. ಉಂಡಿ ಗಂಟು ಕಟ್ಟಿಕೊಂಡು ಹಗಲೆಲ್ಲ ಬದುವಿನ ಮ್ಯಾಲ ದಾರಿ ನೋಡ್ಕೋತ ಕುಂತಿದ್ಲಂತ. ಆಮ್ಯಾಲೂ ಎಂದೂ ಕರೀಲಿಲ್ಲಂತ. ನಿಮಗ ಗೊತ್ತಿರಬೇಕಲ್ರಿ?"

"ಗೊತ್ತದ" ಎಂದೆ. ಗೊತ್ತಿರಲಿಲ್ಲ. ಐವತ್ತರ ಹತ್ತಿರ ಬಂದ ಮಗಳು ನಾನು, ನನ್ನ ತಾಯಿಗೆ ತವರು ಇರಲಿಲ್ಲ ಎಂಬುದನ್ನು ಬೇರೆಯವರ ಬಾಯಿಂದ ಕೇಳಿದೆ. ಸೋದರಮಾವ ಯಾಕೆ ಬರುವುದಿಲ್ಲ ಎಂದು ಸಣ್ಣವಳಿದ್ದಾಗ ಕೇಳಿದರೆ, "ದೂರ ಅದ ಅವರೂರು" ಎನ್ನುತ್ತಿದ್ದಳು.

"ನನಗೂ ಇಲ್ಲ ಬಿಡ್ರಿ. ಅಪ್ಪ ಇನ್ನೊಂದು ಮಾಡ್ಕೊಂಡ ಮ್ಯಾಲ ಆ ಮನಿಗೆ ಹೋಗಿಲ್ಲ. ಪಂಚಮಿ ಬಂತಂದ್ರ ನಾ ಕೇಳಿ ಡ್ಯೂಟಿ ಹಾಕಿಸ್ಕೊಂತೀನ್ರಿ" ಎಂದಳು ರೇಣುಕಾ, ಸೀರೆ ಜಾಡಿಸುತ್ತ. ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಅದಕ್ಕಿಂತ ಮೊದಲು, ಇವರಿಬ್ಬರಿಗೆ ಸೇರಿ ಅಳಲು ಒಂದು ವಿಷಯವಿದೆ, ನನಗಿಲ್ಲ ಎನ್ನಿಸಿತು.

ಡಾಕ್ಟರು ಎಕ್ಸ್‌ರೇ ನೋಡಿ, ಇನ್ನು ಮನೆಗೆ ಹೋಗಬಹುದು ಎಂದರು. ಮೆಟ್ಟಿಲು ಮಾತ್ರ ಬೇಡ. ಅಣ್ಣ, "ನೀನ ನೋಡು, ನೀ ಹ್ಯಾಂಗ ಅಂತಿ ಹಂಗ" ಎಂದ. ಬಚ್ಚಲಿಗೆ ಹಿಡಿಕೆ ಹಾಕಿಸಿದೆ. ಕಮೋಡ್ ಕುರ್ಚಿ ತಂದೆ. ಮುಂದಿನ ಕೋಣೆ ಖಾಲಿ ಮಾಡಿ, ಬಾಗಿಲಿಗೆ ಪರದೆ ಹಾಕಿ, ಗಂಡನಿಗೆ ಕೆಮ್ಮಬೇಡಿ ಎಂದು ಹೇಳಿದೆ. ಪಂಚಮಿಯ ಹಿಂದಿನ ದಿನ ಕಾರು ಮಾಡಿಕೊಂಡು ಮಾನ್ವಿಗೆ ಹೊರಟೆ. ಹಬ್ಬಕ್ಕೆ ಮನೆಗೆ ಕರೆದೊಯ್ಯುವುದು, ಮತ್ತೆ ಕಳಿಸುವುದಿಲ್ಲ. ರೇಣುಕಾಳ ಕೈಗೆ ಕೊಡಲು ಒಂದು ಹೊಸ ಸೀರೆಯನ್ನೂ ತಂದಿದ್ದೆ. ಗೆದ್ದವಳ ಔದಾರ್ಯ ಅದು.

ಯವ್ವ ಅಡುಗೆಮನೆಯಲ್ಲಿದ್ದಳು. ಎತ್ತರದ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕೋಲು ಆಡಿಸುತ್ತ ಹುಕುಂ ಮಾಡುತ್ತಿದ್ದಳು. ರೇಣುಕಾ ಬೆವರು ಸುರಿಸುತ್ತ ಮರಳಿನಲ್ಲಿ ಜೋಳ ಹುರಿಯುತ್ತಿದ್ದಳು. ಪರಾತದಲ್ಲಿ ಶೇಂಗಾ ಉಂಡಿ, ಎಳ್ಳುಂಡಿ. ಅಪ್ಪ ಬುದ್ಧವಂದನೆ ಕಲಿತ ಮೇಲೆ ನಮ್ಮ ಮನೆಯಲ್ಲಿ ಹುತ್ತಕ್ಕೆ ಹಾಲೆರೆಯುವುದು ನಿಂತಿತ್ತು, ಅಳ್ಳು ಉಂಡಿ ನಿಂತಿರಲಿಲ್ಲ.

"ಯವ್ವಾ, ಗಾಡಿ ತಂದೀನಿ. ನಡಿ, ಹಬ್ಬಕ್ಕ ನಮ್ಮ ಮನಿಗೆ ಹೋಗೂಣು. ಇನ್ನ ಇಲ್ಲಿಗೆ ಬರೋದು ಬ್ಯಾಡ."

ಯವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕುಬಿಟ್ಟಳು. "ಪಂಚಮಿಗೆ ಮಗಳು ಬಂದು ಅವ್ವನ್ನ ಕರಕೊಂಡು ಹೋಗ್ತಾಳೇನ? ಕೇಳಿದವರು ನಕ್ಕಾರು. ಪಂಚಮಿಗೆ ಮಗಳು ತವರಿಗೆ ಬರಬೇಕು. ನೀ ಬಂದಿ. ಕೈಕಾಲು ತೊಳಕೊ, ಚಾ ಕುಡಿ."

"ಇದು ತವರೇನು?" ನನ್ನ ದನಿ ಏರಿತು. "ಹತ್ತು ಮಂದಿ ಮಲಗೋ ಹಾಲು ಇದು. ನಾಳಿ ನಿನ್ನ ಮಂಚದ ಮ್ಯಾಲ ಇನ್ಯಾರೋ ಬಂದು ಮಲಗ್ತಾರ. ನಾ ಅಲ್ಲಿ ನಿನಗಂತ ಕೋಣಿ ಮಾಡಿಸೀನಿ, ಬಚ್ಚಲಾ ಮಾಡಿಸೀನಿ. ಇಲ್ಲೇನದ ನಿನಗ? ಇಲ್ಲೇ ಮಗಳು ಸಿಕ್ಕಾಳ, ನಾ ಯಾಕ ಬೇಕು ಅಲಾ?"

ಬಾಯಿಂದ ಬಿತ್ತು. ರೇಣುಕಾಳ ಕೈ ನಿಂತಿತು. ಯವ್ವ ಮೊದಲು ಅವಳ ಕಡೆ ತಿರುಗಿ, "ಕೈಯಾಡಿಸು ಬೇ, ಹೊತ್ತಿ ಹೋಗ್ತದ" ಎಂದಳು. ಆಮೇಲೆ ಕೋಲಿನಿಂದ ಪಕ್ಕದ ಸ್ಟೂಲು ತೋರಿಸಿ ನನ್ನನ್ನು ಕೂರಿಸಿದಳು.

"ನಿನ್ನ ಮನ್ಯಾಗ ನಾ ಉಂಡೀನಿ, ಮಲಗೀನಿ. ನಿನ್ನ ಗಂಡ ಬಂಗಾರದಂಥಾ ಮನಶ್ಯಾ. ಆದ್ರ ಅಲ್ಲಿ ನಾ ಬೀಗರಾಕಿ. ನಾನ ಬಂದು ನಿನ್ನ ಮನ್ಯಾಗ ಕುಂತೆ ಅನ್ನು, ಪಂಚಮಿಗೆ ನೀ ಎಲ್ಲಿಗೆ ಹೋಗ್ತಿ? ದೇವದುರ್ಗದ್ದು ನಿಮ್ಮ ವೈನಿ ಮನಿ. ಅವ್ವನ ಮನಿ ಯಾವ್ದು ನಿನಗ?"

"ಈ ವಯಸ್ಸಿನ್ಯಾಗ ನನಗ್ಯಾಕ ಬೇಕು ತವರು?"

"ಬೇಕು. ನನಗಿದ್ದಿಲ್ಲ, ಅದಕ್ಕ ಗೊತ್ತದ. ಇಲ್ಲಿ ನನ್ನದಂತ ಒಂದು ಮಂಚ ಅದ, ಒಂದು ಟ್ರಂಕು ಅದ. ಯಾರ ಮುಂದೂ ಕಾಲು ಮಡಚಂಗಿಲ್ಲ. ನೀ ಬಂದ್ರ ನಾ ನಿನಗ ಚಾ ಕೊಡ್ತೀನಿ. ನಿನ್ನ ಮನ್ಯಾಗ ನೀ ನನಗ ಕೊಡಬೇಕು."

"ಆ ಬದುವಿನ ಮ್ಯಾಲ ಕುಂತಿದ್ದ ಮಾತು ನನಗ್ಯಾಕ ಹೇಳಲಿಲ್ಲ?" ಎಂದೆ. ಅಂಗೈಯಿಂದ ಕಣ್ಣೊರೆಸಿಕೊಂಡೆ. "ಆಕಿಗೆ ಹೇಳ್ದಿ."

"ನಿನಗ ಹೇಳಿದ್ರ ನೀ ಹಿಂಗ ಅಳ್ತಿದ್ದಿ, ನಾ ನಿನ್ನ ಸಮಾಧಾನ ಮಾಡಬೇಕಾಗ್ತಿತ್ತು. ಆಕಿ ಕೇಳಿದ್ಲು, ಎದ್ದು ಹೋಗಿ ಅರಬಿ ಒಗದಳು" ಎಂದಳು ಯವ್ವ.

ಕಾರನ್ನು ಖಾಲಿ ಕಳಿಸಿದೆ. ಆ ರಾತ್ರಿ ಯವ್ವನ ಪಕ್ಕದ ಖಾಲಿ ಮಂಚದಲ್ಲಿ ಮಲಗಿದೆ. ಮಳೆ ಸುರಿಯುತ್ತಲೇ ಇತ್ತು.

ಹಬ್ಬದ ದಿನ ಊಟವಾದ ಮೇಲೆ ಯವ್ವ ಟ್ರಂಕು ತೆಗೆಸಿದಳು. ಒಳಗೆ ಎರಡು ಕುಬಸದ ಬಟ್ಟೆಯ ಕಣ, ಎರಡು ತೆಂಗಿನಕಾಯಿ, ಅರಿಶಿನ ಕೊಂಬು, ಉತ್ತತ್ತಿ, ಅಕ್ಕಿಯ ಚೀಲ. ಅಣ್ಣನ ಕೈಯಿಂದ ದೇವದುರ್ಗದಿಂದ ತರಿಸಿದ್ದಳಂತೆ. ಎಲ್ಲ ಗೊತ್ತಿದ್ದೂ ಅವನು "ನೀನ ನೋಡು" ಎಂದಿದ್ದ, ಕಳ್ಳ. ಎದುರು ಮಂಚದ ಅಜ್ಜಿ, "ಗಂಡ ಇಲ್ಲದಾಕಿ ಉಡಿ ತುಂಬತಾಳೇನ ಹನುಮವ್ವಾ?" ಎಂದು ಕೇಳಿದಳು. "ಹ್ವಾದವರು ಹ್ವಾದರು. ಹಡದಾಕಿ ನಾ ಇನ್ನಾ ಇದ್ದೀನಲ್ಲ" ಎಂದಳು ಯವ್ವ.

ನಮ್ಮಿಬ್ಬರನ್ನೂ ಮಂಚದ ಮೇಲೆ ಅಕ್ಕಪಕ್ಕ ಕೂರಿಸಿದಳು. ಸೆರಗು ಒಡ್ಡಿ ಕೂತೆ. ಯವ್ವ ಮೊದಲು ರೇಣುಕಾಳ ಉಡಿ ತುಂಬಿದಳು. "ಆಕಿಗೆ ಇದ ಮೊದಲನೇದು" ಎಂದು ನನಗೆ ಹೇಳಿದಳು, ನಾನು ಕೇಳದಿದ್ದರೂ. ರೇಣುಕಾಳ ಕಣ ಹಸಿರು, ಅಂಚಿಗೆ ಜರಿ ಇತ್ತು. ನನ್ನದು ನೀಲಿ, ಬರೀ ನೀಲಿ. ಅವಳ ಉಡಿಗೂ ನನ್ನ ಉಡಿಗೂ ಅಕ್ಕಿ ಸಮ ಬಿತ್ತೇ ಎಂದು ಕಣ್ಣು ತನ್ನಷ್ಟಕ್ಕೇ ಅಳೆಯಿತು. ಸಮ ಬಿದ್ದಿತ್ತು. ರೇಣುಕಾಳ ಬಾಯಿ ಮೊದಲ ಸಲ ಮುಚ್ಚಿತ್ತು, ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋದರೆ ಸೆರಗು ತುಂಬಿತ್ತು.

ಉಡಿ ತುಂಬಿಸಿಕೊಂಡ ಮಗಳು ಹೊರಡುವ ಮೊದಲು ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ತವರಿನ ಅಕ್ಕಿಗೆ ಮರಳಿ ಹಾಕಬೇಕು. ಇದು ನಮ್ಮ ಮನೆಯ ಪದ್ಧತಿ. ಕುರ್ಡಿಯಲ್ಲಿ ಮೂಲೆಯ ಗಡಿಗೆಗೆ ಹಾಕುತ್ತಿದ್ದೆ. ಅಪ್ಪ ಹೋದ ಮೇಲೆ ಎಲ್ಲಿಯೂ ಹಾಕಿರಲಿಲ್ಲ.

"ರೇಣಿಗೆ ಗೊತ್ತಿಲ್ಲ. ನೀ ತೋರಿಸು ಆಕಿಗೆ" ಎಂದಳು ಯವ್ವ. ವಾಕರ್ ಹಿಡಿದು ತಾನೇ ಎದ್ದು, ನಮ್ಮ ಮುಂದೆ ಮುಂದೆ ಅಡುಗೆಮನೆಗೆ ನಡೆದಳು. ಯಾರ ಕೈಯನ್ನೂ ಹಿಡಿಯದೆ ಅವಳು ಅಷ್ಟು ದೂರ ನಡೆದದ್ದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಮೂಲೆಯಲ್ಲಿ ಆ ಮನೆಯ ಎಲ್ಲರ ಅನ್ನದ ಅಕ್ಕಿಯ ದೊಡ್ಡ ನೀಲಿ ಡ್ರಮ್ಮು. ರೇಣುಕಾ ಮುಚ್ಚಳ ತೆಗೆದಳು.

ನಾನು ಬೇಕೆಂದೇ ಸಣ್ಣ ಹಿಡಿ ಹಿಡಿದೆ. ಹಿಡಿ ಕೂಡ ಅಲ್ಲ, ಚಿಟಿಕೆಗಿಂತ ತುಸು ಹೆಚ್ಚು. ಹಾಕಿದೆ. ಇದು ತವರಲ್ಲ ಎಂದು ಹೇಳಲು ನನಗೆ ಉಳಿದಿದ್ದ ದಾರಿ ಅದೊಂದೇ. ರೇಣುಕಾ ನನ್ನನ್ನು ನೋಡಿ, ತಾನೂ ಅಷ್ಟೇ ಹಾಕಿದಳು.

ಯವ್ವ ಡ್ರಮ್ಮಿನೊಳಗೆ ಬಗ್ಗಿ ನೋಡಿದಳು.

"ಇನ್ನೊಂದು ಹಿಡಿ ಹಾಕು ಬೇ. ನಾ ಇನ್ನ ಉಣ್ಣೋದು ಇದರಾಗಿಂದ."

ಮತ್ತೆ ಉಡಿಯೊಳಗೆ ಕೈ ಹಾಕಿದೆ. ಈ ಸಲ ಬೆರಳ ಸಂದಿಯಿಂದ ಚೆಲ್ಲುವಷ್ಟು ದೊಡ್ಡ ಹಿಡಿ. ಅದರ ಮೇಲೆ ಇನ್ನೊಂದು. ರೇಣುಕಾಳೂ ಇನ್ನೆರಡು ಹಿಡಿ ಹಾಕಿದಳು. ಅದನ್ನು ನೋಡಿ ನಾನು ಮತ್ತೊಂದು ಹಾಕಿದೆ. ಅವಳೂ ಹಾಕಿದಳು. ನಾನು ಬೊಗಸೆ ತುಂಬಿಕೊಂಡೆ.

ಯವ್ವ ವಾಕರ್ ಬಿಟ್ಟು ಒಂದು ಕೈಯಿಂದ ನನ್ನ ಮುಂಗೈ ಹಿಡಿದಳು.

"ಸಾಕು ಬೇ, ಸಾಕು" ಎಂದಳು. "ಅವ್ವನ ಮನಿಯಿಂದ ಯಾರರೆ ಬರೇ ಉಡೀಲೆ ಹೋಗ್ತಾರೇನ?"